ವೆಂಕಟಪ್ಪ ಎಂದು ಹುಡುಕಿದರೆ ಅರ್ಧವೇ ಸಿಗುವುದೇಕೆ?

ಪ್ರಶ್ನೆ: ಬಸವನಗುಡಿಯ ಒಂದು ಟ್ರಸ್ಟಿನ ಕಲಾಸಂಗ್ರಹದ ದಾಖಲೆಗಳನ್ನು ನೋಡಿಕೊಳ್ಳುವ ಕೆಲಸ ಈಚೆಗೆ ನನ್ನ ಪಾಲಿಗೆ ಬಂದಿದೆ. ವರ್ಣಚಿತ್ರ, ಮುದ್ರಿತ ಚಿತ್ರ, ಛಾಯಾಚಿತ್ರ, ಶಿಲ್ಪ ಎಲ್ಲವೂ ಸೇರಿ ಸುಮಾರು ನಾಲ್ಕು ಸಾವಿರ ವಸ್ತುಗಳಿವೆ. ಹಳೆಯ ರಿಜಿಸ್ಟರುಗಳನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಎಕ್ಸೆಲ್‌ಗೆ ಏರಿಸಿದ್ದಾರೆ. ಕೆಲವು ಇಂಗ್ಲಿಷಿನಲ್ಲಿವೆ, ಕೆಲವು ಕನ್ನಡದಲ್ಲಿವೆ. ಚಿತ್ರಕಾರ ಕೆ. ವೆಂಕಟಪ್ಪನವರ ಕೃತಿಗಳಿಗಾಗಿ 'ವೆಂಕಟಪ್ಪ' ಎಂದು ಹುಡುಕಿದರೆ ಇರುವುದರಲ್ಲಿ ಅರ್ಧವೂ ಬರುವುದಿಲ್ಲ. ಎಲ್ಲ ಹೆಸರುಗಳನ್ನೂ ಸರಿಯಾದ ಒಂದೇ ರೂಪಕ್ಕೆ ತಿದ್ದಿಬಿಡಬೇಕೆಂದಿದ್ದೇನೆ. ಯಾವ ಕಾಗುಣಿತ ಸರಿ? ಇನಿಷಿಯಲ್ ಮೊದಲೋ ಹೆಸರು ಮೊದಲೋ? ಮಾಡಿದವರು ಯಾರೆಂದು ಗೊತ್ತಿಲ್ಲದ ಕಡೆ ಏನು ಬರೆಯಬೇಕು?

ಉತ್ತರ: ತಿದ್ದುವುದಕ್ಕೆ ಈಗಲೇ ಕೈ ಹಾಕಬೇಡಿ. ಎಕ್ಸೆಲ್‌ನಲ್ಲಿ ಒಂದು ಗುಂಡಿ ಒತ್ತಿದರೆ ಎಲ್ಲ ಹೆಸರುಗಳೂ ಬದಲಾಗುತ್ತವೆ, ನಿಜ. ಆದರೆ ಹಾಗೆ ಅಳಿಸಿಹೋದದ್ದನ್ನು ಆಮೇಲೆ ಯಾರೂ ತಂದುಕೊಡಲಾರರು. ಹಿಂದಿನ ಗುಮಾಸ್ತರು ಬರೆದಿಟ್ಟ ವಿಚಿತ್ರ ಕಾಗುಣಿತವೂ ಒಂದು ಸಾಕ್ಷ್ಯ. ಚಿತ್ರದ ಚೌಕಟ್ಟಿನ ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಅದೇ ಕಾಗುಣಿತ ಕಂಡರೆ, ಆ ಚಿತ್ರ ಯಾವ ಪ್ರದರ್ಶನದಿಂದ ಬಂತು, ಯಾರ ಮನೆಯಿಂದ ಬಂತು ಎಂಬುದಕ್ಕೆ ಉಳಿದಿರುವ ಸುಳಿವು ಅದೊಂದೇ ಆಗಿರಬಹುದು. ಹಾಗಾಗಿ ಇರುವ ಫೈಲಿನ ಒಂದು ಪ್ರತಿ ತೆಗೆದು, ದಿನಾಂಕ ಹಾಕಿ ಬೇರೆ ಕಡೆ ಇಡಿ. ಕೆಲಸ ಮಾಡುವ ಪ್ರತಿಯಲ್ಲೂ ಹಳೆಯ ಹೆಸರಿನ ಕಾಲಂ ಮುಟ್ಟಬೇಡಿ. ಅದರ ಪಕ್ಕದಲ್ಲಿ ಹೊಸ ಕಾಲಂಗಳನ್ನು ತೆರೆಯಿರಿ.

'ಯಾವ ಕಾಗುಣಿತ ಸರಿ' ಎಂದು ಕೇಳಿದ್ದೀರಿ. ಆ ಪ್ರಶ್ನೆಗೆ ಉತ್ತರ ಸಿಕ್ಕರೂ ನಿಮ್ಮ ಕಷ್ಟ ತೀರುವುದಿಲ್ಲ. ನಿಮ್ಮ ಫೈಲಿನ 'ಕಲಾವಿದ' ಎಂಬ ಒಂದೇ ಕಾಲಂನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದರ ಮೇಲೊಂದು ಬಿದ್ದಿವೆ. ಕೃತಿಯ ಮೇಲೆ ಏನು ಬರೆದಿದೆ ಎಂಬುದು ಒಂದು. ಅದನ್ನು ಮಾಡಿದವರು ಯಾರೆಂದು ನಾವು ಇಂದು ನಂಬಿದ್ದೇವೆ ಎಂಬುದು ಇನ್ನೊಂದು. ಆ ವ್ಯಕ್ತಿಯನ್ನು ಜನ ಯಾವ ಹೆಸರಿನಿಂದ ಬಲ್ಲರು ಎಂಬುದು ಮೂರನೆಯದು. ಮೊದಲನೆಯದು ಎಂದಿಗೂ ಬದಲಾಗದು, ಏಕೆಂದರೆ ಅದು ಕಣ್ಣಿಗೆ ಕಂಡದ್ದು. ಎರಡನೆಯದು ಸಂಶೋಧನೆ ನಡೆದಂತೆ ಬದಲಾಗುತ್ತದೆ. ಮೂರನೆಯದು ವ್ಯಕ್ತಿಗೆ ಸೇರಿದ್ದೇ ಹೊರತು ಚಿತ್ರಕ್ಕೆ ಸೇರಿದ್ದಲ್ಲ. ನೂರು ಚಿತ್ರಗಳ ಎದುರು ನೂರು ಸಲ ಅದನ್ನು ಟೈಪ್ ಮಾಡುವುದರಿಂದಲೇ ನೂರು ರೂಪಗಳು ಹುಟ್ಟಿಕೊಳ್ಳುತ್ತವೆ.

ಆದ್ದರಿಂದ ವ್ಯಕ್ತಿಗಳಿಗೆಂದೇ ಪ್ರತ್ಯೇಕ ಕಡತ ಮಾಡಿ. ಗ್ರಂಥಾಲಯದವರು ಇದನ್ನು ಅಥಾರಿಟಿ ಫೈಲ್ ಎನ್ನುತ್ತಾರೆ. ಅದರಲ್ಲಿ ಒಬ್ಬ ವ್ಯಕ್ತಿಗೆ ಒಂದು ಸಾಲು, ಒಂದು ಸಂಖ್ಯೆ. ಚಿತ್ರದ ದಾಖಲೆಯಲ್ಲಿ ಹೆಸರನ್ನು ಟೈಪ್ ಮಾಡದೆ ಆ ಸಂಖ್ಯೆಯನ್ನು ಮಾತ್ರ ಹಾಕಬೇಕು. ಹೆಸರು ಅಲ್ಲಿಂದ ತಾನಾಗಿ ಬರಬೇಕು. ವೆಂಕಟಪ್ಪನವರ ಸಾಲು ಹೀಗಿರಬಹುದು:

ಸಂಖ್ಯೆ: 0017
ಮುಖ್ಯ ಹೆಸರು: ಕೆ. ವೆಂಕಟಪ್ಪ
ಅಕಾರಾದಿಗೆ: ವೆಂಕಟಪ್ಪ, ಕೆ.
ಇತರ ರೂಪಗಳು: ವೆಂಕಟಪ್ಪ; ಕೆ.ವೆಂಕಟಪ್ಪ, ವೆಂಕಟಪ್ಪ ಕೆ, ವೆಂಕಟಪ್ಪನವರು, ರೋಮನ್ ಲಿಪಿಯಲ್ಲಿ ನಿಮ್ಮ ರಿಜಿಸ್ಟರಿನಲ್ಲಿ ಕಂಡ ಎಲ್ಲ ರೂಪಗಳು
ಜನನ, ಮರಣ: 1886–1965
ನೆಲೆ: ಮೈಸೂರು, ಬೆಂಗಳೂರು
ಕೆಲಸ: ಜಲವರ್ಣ ಚಿತ್ರ, ಪ್ಲಾಸ್ಟರಿನ ಉಬ್ಬುಶಿಲ್ಪ
ಆಧಾರ: ಈ ಮಾಹಿತಿ ಎಲ್ಲಿಂದ ಬಂತು, ಯಾರು ಯಾವಾಗ ಸೇರಿಸಿದರು

ಇಲ್ಲಿ 'ಇತರ ರೂಪಗಳು' ಎಂಬ ಸಾಲೇ ಪ್ರಾಣ. ಯಾವ ರೂಪವೂ ಅಲ್ಲಿ ತಪ್ಪಲ್ಲ. ಯಾರೋ ಎಲ್ಲೋ ಹಾಗೆ ಬರೆದಿದ್ದಾರೆ ಎಂದರೆ ಇನ್ನೊಬ್ಬರು ಹಾಗೆಯೇ ಹುಡುಕುತ್ತಾರೆ. ಹಳೆಯ ಇಂಗ್ಲಿಷ್ ಬರಹಗಳಲ್ಲಿ 'ಕೆ' ಅಕ್ಷರದ ಜಾಗದಲ್ಲಿ 'ಸಿ' ಬಂದಿರಬಹುದು, ಕೊನೆಗೊಂದು 'ಎಚ್' ಅಂಟಿಕೊಂಡಿರಬಹುದು, ಅವನ್ನೂ ಹಾಕಿ. ಮುಖ್ಯ ಹೆಸರು ಯಾವುದೆಂದು ಮುಂದೊಂದು ದಿನ ನಿಮ್ಮ ಮನಸ್ಸು ಬದಲಾದರೆ ಈ ಒಂದು ಸಾಲಿನಲ್ಲಿ ಬದಲಿಸಿದರೆ ಸಾಕು, ಎಲ್ಲ ಚಿತ್ರಗಳ ದಾಖಲೆಯಲ್ಲೂ ಬದಲಾಗುತ್ತದೆ. ಸಂಖ್ಯೆಯಲ್ಲಿ ಮಾತ್ರ ಯಾವ ಅರ್ಥವನ್ನೂ ತುಂಬಬೇಡಿ. ಹೆಸರಿನ ಮೊದಲಕ್ಷರ, ಹುಟ್ಟಿದ ವರ್ಷ, ಊರಿನ ಸಂಕೇತ ಸೇರಿಸಿ ಸಂಖ್ಯೆ ಕಟ್ಟಿದರೆ, ಹುಟ್ಟಿದ ವರ್ಷ ತಪ್ಪೆಂದು ತಿಳಿದ ದಿನ ಸಂಖ್ಯೆಯೇ ಸುಳ್ಳಾಗುತ್ತದೆ.

ಇನಿಷಿಯಲ್ ವಿಚಾರ. ವಸ್ತುಸಂಗ್ರಹಾಲಯಗಳಿಗೆಂದು ಸಿಗುವ ಅನೇಕ ತಂತ್ರಾಂಶಗಳು ಹೆಸರಿಗೆ ಎರಡು ಖಾನೆ ಕೊಡುತ್ತವೆ: ಮೊದಲ ಹೆಸರು, ಕೊನೆಯ ಹೆಸರು. ನಮ್ಮ ಹೆಸರುಗಳಿಗೆ ಈ ವಿಭಾಗ ಹೊಂದುವುದೇ ಇಲ್ಲ. ಹಳೆ ಮೈಸೂರಿನ ಕಡೆ ಊರಿನ ಹೆಸರು, ತಂದೆಯ ಹೆಸರು ಎರಡೂ ಇನಿಷಿಯಲ್ ಆಗಿ ಮುಂದೆ ನಿಲ್ಲುತ್ತವೆ, ಸ್ವಂತ ಹೆಸರು ಕೊನೆಗೆ ಬರುತ್ತದೆ. ಕರಾವಳಿಯಲ್ಲಿ ಕೊನೆಗೆ ಬರುವುದು ಮನೆತನದ ಹೆಸರು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಗಟ್ಟಿಯಾಗಿ ನಿಂತಿದೆ. ಎಲ್ಲಕ್ಕೂ ಒಂದೇ ಸೂತ್ರ ಹಚ್ಚಲು ಹೊರಟರೆ ಯಾರಿಗಾದರೂ ಅನ್ಯಾಯವಾಗುತ್ತದೆ.

ಈ ಜಿಜ್ಞಾಸೆಗೆ ಬೆಂಗಳೂರಿನಲ್ಲಿ ದೊಡ್ಡ ಪರಂಪರೆಯೇ ಇದೆ. 1962ರಲ್ಲಿ ಇಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಗೆಂದು ಕೇಂದ್ರವೊಂದನ್ನು ಕಟ್ಟಿದ ಎಸ್. ಆರ್. ರಂಗನಾಥನ್ ಅವರು, ಹೆಸರಿನ ಯಾವ ಪದವನ್ನು ಮುಂದಿಡಬೇಕು ಎಂಬುದನ್ನು ತಮ್ಮ ಕ್ಯಾಟಲಾಗ್ ನಿಯಮಗಳಲ್ಲಿ ಬಹಳ ಆಸ್ಥೆಯಿಂದ ಚರ್ಚಿಸಿದ್ದಾರೆ. ಅವರ ಹೆಸರನ್ನೇ ನೋಡಿ: ಶಿಯಾಳಿ ಎಂಬುದು ಊರು, ರಾಮಾಮೃತ ಎಂಬುದು ತಂದೆ, ರಂಗನಾಥನ್ ಎಂಬುದು ಅವರು. ರಂಗನಾಥನ್ ಎಂಬ ಪದವನ್ನು ಮುಂದಿಟ್ಟರೆ ಅಕಾರಾದಿಯಲ್ಲಿ ಅವರು ಸರಿಯಾದ ಜಾಗದಲ್ಲೇ ಕೂರುತ್ತಾರೆ. ಆದರೆ ಅದು ಅವರ ಕುಲನಾಮ ಎಂದು ದಾಖಲಿಸಿದರೆ ತಪ್ಪಾಗುತ್ತದೆ. ಗ್ರಂಥಾಲಯಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ ಆಂಗ್ಲೋ-ಅಮೆರಿಕನ್ ನಿಯಮಗಳು ಸಹ ಕನ್ನಡ, ತಮಿಳು, ತೆಲುಗು, ಮಲಯಾಳಂ ಹೆಸರುಗಳಲ್ಲಿ ಕುಲನಾಮ ಇಲ್ಲದಿದ್ದರೆ ಸ್ವಂತ ಹೆಸರಿನಿಂದಲೇ ನಮೂದಿಸಿ ಎಂದು ಹೇಳುತ್ತಿದ್ದವು. ಅಂದರೆ ದಾರಿ ಹಿಂದೆಯೇ ಬಿದ್ದಿದೆ. ಹೊಸ ತಂತ್ರಾಂಶ ಬರೆದವರು ಅದನ್ನು ನೋಡಿಲ್ಲ ಅಷ್ಟೆ.

ನಾನು ಅನುಸರಿಸುವ ನಿಯಮ ಸರಳ. ಮುಖ್ಯ ಹೆಸರನ್ನು ಒಂದೇ ಖಾನೆಯಲ್ಲಿ, ಜನ ಹೇಳುವ ಕ್ರಮದಲ್ಲೇ ಇಡಿ: ಕೆ. ವೆಂಕಟಪ್ಪ, ಕೆ. ಕೆ. ಹೆಬ್ಬಾರ್, ಟಿ. ಎಸ್. ಸತ್ಯನ್. ಅಕಾರಾದಿಗೆ ಬೇಕಾದ ರೂಪವನ್ನು ಇನ್ನೊಂದು ಖಾನೆಯಲ್ಲಿ ಕೈಯಾರೆ ಬರೆಯಿರಿ. ಅದನ್ನು ಯಂತ್ರಕ್ಕೆ ಬಿಡಬೇಡಿ. ಯಂತ್ರ ಕೊನೆಯ ಪದವನ್ನು ಎತ್ತಿ ಮುಂದಿಡುತ್ತದೆ. ಹೆಬ್ಬಾರರ ಮಟ್ಟಿಗೆ ಅದು ಸರಿಹೋಗುತ್ತದೆ. ಅವರ ಮೊದಲ ಇನಿಷಿಯಲ್ ಉಡುಪಿಯ ಬಳಿಯ ಕಟ್ಟಿಂಗೇರಿ, ಎರಡನೆಯದು ಕೃಷ್ಣ. ಕೃಷ್ಣ ಎಂದು ಹುಡುಕಿಕೊಂಡು ಬರುವವರು ವಿರಳ. ಆದರೆ ಬೆಂಗಳೂರಿನ ಹೂಬಿಟ್ಟ ಮರಗಳನ್ನು ಮನಸೋತು ಚಿತ್ರಿಸಿದ ರುಮಾಲೆ ಚೆನ್ನಬಸವಯ್ಯನವರನ್ನು ಜನ ಬಲ್ಲದ್ದು 'ರುಮಾಲೆ' ಎಂದೇ. ಯಂತ್ರಕ್ಕೆ ಬಿಟ್ಟರೆ ಅವರು 'ಚ' ಅಕ್ಷರದಡಿ ಕಾಣೆಯಾಗುತ್ತಾರೆ. ಅವರನ್ನು ರುಮಾಲೆ ಎಂದೇ ಜೋಡಿಸಿ, ಚೆನ್ನಬಸವಯ್ಯ ಎಂಬುದರಿಂದಲೂ ಅಲ್ಲಿಗೇ ದಾರಿ ತೋರಿಸಿ. ಸತ್ಯನ್ ಎಂಬ ಹೆಸರು ಸತ್ಯನಾರಾಯಣ ಎಂಬುದರ ಮೊಟಕು ರೂಪ. ಆದರೆ ಛಾಯಾಚಿತ್ರದ ಕೆಳಗೆ ಅಚ್ಚಾದದ್ದು ಸತ್ಯನ್. ಸರ್ಕಾರಿ ಕಾಗದದಲ್ಲಿ ಇರುವ ಪೂರ್ಣ ಹೆಸರಿಗಿಂತ ಕಲಾವಿದರು ತಾವೇ ಬಳಸಿದ ಹೆಸರಿಗೆ ನಾನು ಯಾವಾಗಲೂ ಮೊದಲ ಸ್ಥಾನ ಕೊಡುತ್ತೇನೆ. ಜಾತಿಸೂಚಕವನ್ನು ಬೇಕೆಂದೇ ಬಿಟ್ಟವರ ಹೆಸರಿಗೆ ಅದನ್ನು ಹುಡುಕಿ ತಂದು ಮುಖ್ಯ ಹೆಸರಿನಲ್ಲಿ ಅಂಟಿಸುವುದು ದಾಖಲೀಕರಣವಲ್ಲ, ಅವಮಾನ.

ಶ್ರೀ, ಡಾ., ಶಿಲ್ಪಿ, ಕಲಾವಿದ, ನಾಡೋಜ ಮುಂತಾದವನ್ನು ಮುಖ್ಯ ಹೆಸರಿನಿಂದ ಹೊರಗಿಡಿ, ಬೇರೆ ಖಾನೆಯಲ್ಲಿ ಉಳಿಸಿ. ಇದನ್ನೂ ಯಂತ್ರದಿಂದ ಒಂದೇ ಏಟಿಗೆ ಮಾಡಿಸಬೇಡಿ. ರಾಜಾ ರವಿವರ್ಮ ಎಂಬಲ್ಲಿ 'ರಾಜಾ' ಗೌರವಸೂಚಕ. 'ರಾಜಾ', 'ರಾಜ' ಎಂಬುದನ್ನು ಎಲ್ಲ ಕಡೆ ತೆಗೆದುಹಾಕು ಎಂದು ಅಪ್ಪಣೆ ಕೊಟ್ಟರೆ, ಅವರ ಜೊತೆಯಲ್ಲೇ ಕೆಲಸ ಮಾಡಿದ, ಸ್ವತಃ ಒಳ್ಳೆಯ ಚಿತ್ರಕಾರರಾಗಿದ್ದ ತಮ್ಮ ಸಿ. ರಾಜರಾಜ ವರ್ಮ ಅವರ ಹೆಸರೇ ಹಾರಿಹೋಗಿ ಬರೀ 'ಸಿ. ವರ್ಮ' ಉಳಿಯುತ್ತದೆ.

ಇನ್ನು ಒಂದೇ ಹೆಸರಿನ ಇಬ್ಬರು. ನಿಮ್ಮ ರಿಜಿಸ್ಟರಿನಲ್ಲಿ 'ರೋರಿಕ್' ಎಂದಷ್ಟೇ ಬರೆದ ನಮೂದುಗಳು ಇರಬಹುದು, ಏಕೆಂದರೆ ಬೆಂಗಳೂರಿಗೆ ಆ ಹೆಸರು ಮನೆಮಾತು. ತಾತಗುಣಿಯ ತೋಟದಲ್ಲಿ ದೇವಿಕಾ ರಾಣಿಯವರೊಂದಿಗೆ ಬಾಳಿದವರು ಮಗ ಸ್ವೆಟೋಸ್ಲಾವ್ (1904–1993). ತಂದೆ ನಿಕೊಲಸ್ (1874–1947) ಹಿಮಾಲಯದ ಚಿತ್ರಗಳಿಗೆ ಹೆಸರಾದವರು. ಮಗನೂ ಪರ್ವತಗಳನ್ನು ಚಿತ್ರಿಸಿದ್ದಾರೆ. ಹೀಗಿರುವಾಗ ಹೆಸರಿನ ಅರ್ಧ ಮಾತ್ರ ನೋಡಿ ತೀರ್ಮಾನಿಸುವುದು ಅಪಾಯ. ಇವರ ಹೆಸರು ಹುಟ್ಟಿದ್ದು ರಷ್ಯನ್ ಲಿಪಿಯಲ್ಲಿ. ಅಲ್ಲಿನ ಉಚ್ಚಾರ ರೇರಿಖ್ ಎಂಬುದಕ್ಕೆ ಹತ್ತಿರ. ಅದು ರೋಮನ್ ಲಿಪಿಗೆ ಬಂದು, ಆ ರೋಮನ್ ರೂಪವನ್ನು ಓದಿ ಕನ್ನಡದವರು ರೋರಿಕ್, ರೋರಿಚ್, ರೋಯೆರಿಚ್ ಎಂದೆಲ್ಲ ಬರೆದರು. ಮಗನ ಮೊದಲ ಹೆಸರೂ ಸ್ವೆಟೋಸ್ಲಾವ್, ಸ್ವೆತಸ್ಲಾವ್, ಸ್ವ್ಯಾತೊಸ್ಲಾವ್ ಎಂದು ಒಡೆದಿದೆ. ಇವೆಲ್ಲವನ್ನೂ ಆಯಾ ವ್ಯಕ್ತಿಯ ಸಾಲಿನಲ್ಲಿ ಇತರ ರೂಪಗಳಾಗಿ ಹಾಕಿ. ಬರೀ 'ರೋರಿಕ್' ಎಂದಿರುವ ನಮೂದಿಗೆ ಮಾತ್ರ ಇಬ್ಬರಲ್ಲಿ ಒಬ್ಬರ ಸಂಖ್ಯೆಯನ್ನೂ ಕೊಡಬೇಡಿ. ಚಿತ್ರವನ್ನು ನೋಡಿ, ಸಹಿಯನ್ನು ನೋಡಿ, ಬಂದ ದಾರಿಯನ್ನು ನೋಡಿ ತೀರ್ಮಾನವಾಗುವವರೆಗೆ 'ರೋರಿಕ್, ಯಾರೆಂದು ಗೊತ್ತುಪಡಿಸಿಲ್ಲ' ಎಂಬ ತಾತ್ಕಾಲಿಕ ಸಾಲಿಗೆ ಜೋಡಿಸಿ. ಸಂದೇಹವಿದ್ದಾಗ ಬೇರೆಯಾಗಿಡಿ ಎಂಬುದನ್ನು ನಿಯಮವಾಗಿಯೇ ಪಾಲಿಸಿ. ಎರಡು ಸಾಲನ್ನು ಸೇರಿಸುವುದು ಯಾವಾಗ ಬೇಕಾದರೂ ಸಾಧ್ಯ. ಸೇರಿಸಿದ ಮೇಲೆ ಯಾವ ಚಿತ್ರ ಯಾರ ಪಾಲಿನದಾಗಿತ್ತು ಎಂದು ಬಿಡಿಸುವುದು ನರಕಯಾತನೆ.

ಈಗ ನಿಮ್ಮ ಹುಡುಕಾಟ ಅರ್ಧಕ್ಕೇ ನಿಲ್ಲುವ ಕಾರಣಕ್ಕೆ ಬರುತ್ತೇನೆ. ಇದರಲ್ಲಿ ಬಹುಪಾಲು ಕಣ್ಣಿಗೆ ಕಾಣದ ತೊಂದರೆ. ಈ ಎರಡು ಪದಗಳನ್ನು ನೋಡಿ: ವೆಂಕಟಪ್ಪ, ವೆ೦ಕಟಪ್ಪ. ಓದುವವರಿಗೆ ಎರಡೂ ಒಂದೇ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಸೊನ್ನೆ ಅಂಕಿ. ಅವಸರದಲ್ಲಿ ಟೈಪ್ ಮಾಡುವವರು ದುಂಡಗೆ ಕಂಡದ್ದನ್ನು ಒತ್ತಿರುತ್ತಾರೆ. ಕಾಗದದ ಮೇಲೆ ಅಚ್ಚಾದರೆ ಯಾರಿಗೂ ತಿಳಿಯುವುದಿಲ್ಲ. ಕಂಪ್ಯೂಟರಿಗೆ ಮಾತ್ರ ಇವು ಬೆಕ್ಕು, ಬೆಟ್ಟ ಎಂಬಷ್ಟು ಬೇರೆ. ನಿಮ್ಮ ಫೈಲಿನಲ್ಲಿ ಕನ್ನಡದ ಸೊನ್ನೆಯನ್ನು ಹುಡುಕಿ, ಅದರ ಅಕ್ಕಪಕ್ಕ ಅಕ್ಷರಗಳಿವೆಯೋ ಅಂಕಿಗಳಿವೆಯೋ ನೋಡಿ. ಅಕ್ಷರಗಳ ನಡುವೆ ಸಿಕ್ಕ ಸೊನ್ನೆಯೆಲ್ಲ ಅನುಸ್ವಾರವೇ. ವೆಂಕಟಪ್ಪ, ಶಂಕರ, ಗಂಗಾಧರ, ನಂಜುಂಡ ಎಂದು ಅನುಸ್ವಾರ ಕೂಡಿದ ಹೆಸರುಗಳು ನಮ್ಮಲ್ಲಿ ಎಷ್ಟಿವೆ ಎಂದು ಯೋಚಿಸಿದರೆ ಈ ಪುಟ್ಟ ಸೊನ್ನೆಯ ಹಾನಿ ಅರ್ಥವಾಗುತ್ತದೆ.

ಎರಡನೆಯ ತೊಡಕು ಹಳೆಯ ಫಾಂಟುಗಳದು. ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಗೊತ್ತುಮಾಡುವ ಯೂನಿಕೋಡ್ ನಮ್ಮ ಕಚೇರಿಗಳಿಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕನ್ನಡ, ಕಂಪ್ಯೂಟರಿನ ಒಳಗೆ ಕನ್ನಡವಾಗಿ ಉಳಿದಿರಲಿಲ್ಲ. ರೋಮನ್ ಅಕ್ಷರಗಳಿಗೂ ಚಿಹ್ನೆಗಳಿಗೂ ಕನ್ನಡದ ವೇಷ ತೊಡಿಸಲಾಗಿತ್ತು. ಅಂಥ ಸಾಲುಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಪರಿವರ್ತಕಗಳು ಸಿಗುತ್ತವೆ. ಆದರೆ ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಇರುವ ಪ್ರತಿಯೊಂದು ಹೆಸರನ್ನೂ ಕಣ್ಣಿಟ್ಟು ಓದಬೇಕು, ಎಡವಟ್ಟಾಗುವುದು ಅಲ್ಲೇ.

ಯೂನಿಕೋಡಿನಲ್ಲೇ ಇದ್ದರೂ ಎಲ್ಲ ಮುಗಿಯಿತೆಂದಲ್ಲ. 'ಓ' ಸ್ವರದ ಗುಣಿತವನ್ನು ಒಂದೇ ಚಿಹ್ನೆಯಾಗಿಯೂ ಸಂಗ್ರಹಿಸಬಹುದು, ಎರಡು ಮೂರು ತುಣುಕುಗಳಾಗಿಯೂ ಸಂಗ್ರಹಿಸಬಹುದು, ತೋರುವುದು ಒಂದೇ. ಇದಕ್ಕೆ ಯೂನಿಕೋಡಿನವರೇ ಏಕರೂಪಗೊಳಿಸುವ ವಿಧಾನವನ್ನು ಗೊತ್ತುಮಾಡಿದ್ದಾರೆ. ಎನ್‌ಎಫ್‌ಸಿ ಎಂದು ಅದರ ಹೆಸರು, ನಿಮ್ಮ ತಂತ್ರಾಂಶ ನೋಡುವವರಿಗೆ ಹೇಳಿದರೆ ತಿಳಿಯುತ್ತದೆ. ಸೊನ್ನೆಯ ಸಮಸ್ಯೆಯನ್ನು ಅದು ಸರಿಪಡಿಸುವುದಿಲ್ಲ ಎಂಬುದು ನೆನಪಿರಲಿ. ಇನ್ನು ಅಮೃತಾ ಶೇರ್‌ಗಿಲ್ ಅವರ ಹೆಸರಿನಲ್ಲಿ 'ರ್' ಅರ್ಧಾಕ್ಷರ ಒತ್ತಾಗದೆ ನಿಲ್ಲಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿದೆ. ಅದಿಲ್ಲದೆ ಶೇರ್ಗಿಲ್ ಎಂದು ಬರೆದವರಿದ್ದಾರೆ, ಶೇರ್ ಗಿಲ್ ಎಂದು ಜಾಗ ಬಿಟ್ಟವರಿದ್ದಾರೆ, ಶೇರ್-ಗಿಲ್ ಎಂದು ಗೆರೆ ಎಳೆದವರಿದ್ದಾರೆ. ಒಬ್ಬರೇ ಕಲಾವಿದೆ, ಕಂಪ್ಯೂಟರಿಗೆ ನಾಲ್ವರು.

ಕನ್ನಡ ರಿಜಿಸ್ಟರುಗಳ ಇನ್ನೊಂದು ವಿಶೇಷ ವಿಭಕ್ತಿ. 'ವೆಂಕಟಪ್ಪನವರ ಚಿತ್ರ', 'ಹೆಬ್ಬಾರರಿಂದ', 'ರುಮಾಲೆಯವರು ಕೊಟ್ಟದ್ದು' ಎಂದು ವಾಕ್ಯವಾಗಿಯೇ ಬರೆದಿರುತ್ತಾರೆ. ಕೊನೆಯ ಉದಾಹರಣೆಯಲ್ಲಿ ರುಮಾಲೆ ದಾನಿಯೋ ಚಿತ್ರಕಾರರೋ ಎಂಬುದೂ ಅಸ್ಪಷ್ಟ. ಇಂಥ ಕಡೆ ಯಂತ್ರ ಉಪಯೋಗಕ್ಕೆ ಬಾರದು. ರಿಜಿಸ್ಟರಿನ ಮೂಲಪುಟ ತೆರೆದು ಓದಬೇಕು.

ಹುಡುಕುವವರಿಗೆ ನೆರವಾಗಲು ಒಂದು ಉಪಾಯವಿದೆ. ಪ್ರತಿ ಹೆಸರಿಗೂ ಹಿನ್ನೆಲೆಯಲ್ಲಿ ಒಂದು ಸಡಿಲ ರೂಪವನ್ನು ತಯಾರಿಸಿಡಿ. ಕನ್ನಡದಲ್ಲಾದರೆ ಚುಕ್ಕೆ, ಜಾಗ, ಕಾಣದ ಅಕ್ಷರಗಳನ್ನು ತೆಗೆದು, ದೀರ್ಘವನ್ನು ಹ್ರಸ್ವ ಮಾಡಿ, ಮಹಾಪ್ರಾಣವನ್ನು ಅಲ್ಪಪ್ರಾಣಕ್ಕಿಳಿಸಿ, ಶ ಷ ಸಗಳನ್ನು ಒಂದಾಗಿಸಿ, ಒತ್ತುಗಳನ್ನು ಬಿಟ್ಟು ಬರುವ ರೂಪ. ರೋಮನ್ ಲಿಪಿಯಲ್ಲಾದರೆ ಜೋಡಿ ಅಕ್ಷರವನ್ನು ಒಂದು ಮಾಡಿ, 'ಎಚ್' ತೆಗೆದು, 'ಡಬ್ಲ್ಯು' ಇದ್ದಲ್ಲಿ 'ವಿ' ಹಾಕಿ ಬರುವ ರೂಪ. ಬಳಕೆದಾರರು ಟೈಪ್ ಮಾಡಿದ್ದನ್ನೂ ಅದೇ ಜರಡಿಯಲ್ಲಿ ಸೋಸಿ ಹೋಲಿಸಬೇಕು. ಆಗ ಚೆನ್ನಬಸವಯ್ಯ ಎಂಬ ಹೆಸರಿನ ರೋಮನ್ ರೂಪದಲ್ಲಿ ಎಷ್ಟು 'ಎನ್', ಎಷ್ಟು 'ಎಚ್' ಎಂದು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 'ಚೆನ್ನ' ಮತ್ತು 'ಚನ್ನ' ಎಂಬ ವ್ಯತ್ಯಾಸ ಮಾತ್ರ ಈ ಜರಡಿಗೆ ಸಿಕ್ಕುವುದಿಲ್ಲ. ಅದಕ್ಕೆ 'ಇತರ ರೂಪಗಳು' ಸಾಲೇ ಗತಿ. ಈ ಸಡಿಲ ರೂಪ ಹುಡುಕಾಟಕ್ಕಷ್ಟೇ. ಅದನ್ನು ಪರದೆಯ ಮೇಲೆ ತೋರಿಸಬಾರದು, ಅದರ ಆಧಾರದ ಮೇಲೆ ಇಬ್ಬರನ್ನು ಒಬ್ಬರೆಂದು ತೀರ್ಮಾನಿಸಲೂಬಾರದು. ಇಂಗ್ಲಿಷ್ ಉಚ್ಚಾರಕ್ಕೆಂದು ಮಾಡಿದ ಸೌಂಡೆಕ್ಸ್‌ನಂಥ ವಿಧಾನಗಳು ನಮ್ಮ ಹೆಸರುಗಳ ಮಟ್ಟಿಗೆ ನಂಬಿಕೆಗೆ ಯೋಗ್ಯವಲ್ಲ.

ಈಗಿರುವ ರೂಪಗಳನ್ನು ಗುಂಪು ಮಾಡಲು ಓಪನ್‌ರಿಫೈನ್ ಎಂಬ ಉಚಿತ ತಂತ್ರಾಂಶ ಬಳಸಿ. ಅದು ಚಿಹ್ನೆಗಳನ್ನು ತೆಗೆದು, ಪದಗಳನ್ನು ಅಕಾರಾದಿಯಲ್ಲಿ ಜೋಡಿಸಿ ಹೋಲಿಸುವುದರಿಂದ 'ವೆಂಕಟಪ್ಪ, ಕೆ.' ಮತ್ತು 'ಕೆ. ವೆಂಕಟಪ್ಪ' ಒಂದೇ ಗುಂಪಿಗೆ ಬರುತ್ತವೆ. ಚುಕ್ಕೆಯ ನಂತರ ಜಾಗ ಬಿಡದೆ ಬರೆದದ್ದು ಮಾತ್ರ ಒಂದೇ ಪದವೆಂದು ಲೆಕ್ಕವಾಗಿ ಹೊರಗುಳಿಯುತ್ತದೆ. ಆದ್ದರಿಂದ ಕೆಲಸದ ಕಾಲಂನಲ್ಲಿ ಪ್ರತಿ ಚುಕ್ಕೆಯ ನಂತರವೂ ಒಂದು ಜಾಗ ಸೇರಿಸಿ ಆಮೇಲೆ ಗುಂಪು ಮಾಡಿಸಿ. ಗುಂಪನ್ನು ಅದು ಸೂಚಿಸುತ್ತದೆ, ಒಪ್ಪುವುದು ನಿಮಗೆ ಬಿಟ್ಟದ್ದು.

ಹೊರಗಿನ ಕಡತಗಳ ಸಂಖ್ಯೆಯನ್ನೂ ನಿಮ್ಮ ಸಾಲಿಗೆ ಸೇರಿಸಿ. ಲಾಸ್ ಏಂಜಲೀಸಿನ ಗೆಟ್ಟಿ ಸಂಸ್ಥೆ ಕಲಾವಿದರ ಹೆಸರುಗಳ ಒಂದು ದೊಡ್ಡ ಪಟ್ಟಿಯನ್ನು ನಡೆಸುತ್ತಿದೆ. ಯೂಲಾನ್ ಎಂದು ಅದನ್ನು ಕರೆಯುತ್ತಾರೆ. ಅಲ್ಲಿಯೂ ಇದೇ ತತ್ವ: ಒಬ್ಬರಿಗೆ ಒಂದು ಸಂಖ್ಯೆ, ಅದರಡಿ ಹಲವು ಹೆಸರುಗಳು, ಅವುಗಳಲ್ಲೊಂದು ಮುಖ್ಯ. 2015ರಿಂದ ಅದು ಮುಕ್ತ ದತ್ತಾಂಶವಾಗಿಯೂ ಸಿಗುತ್ತಿದೆ. ರವಿವರ್ಮ, ನಿಕೊಲಸ್ ರೋರಿಕ್ ಮುಂತಾದವರಿಗೆ ಅದು ಉಪಯುಕ್ತ. ನಮ್ಮ ಸೀಮೆಯ ಕಲಾವಿದರಿಗೆ ವಿಕಿಡೇಟಾ ಎಂಬ ಮುಕ್ತ ದತ್ತಾಂಶಕೋಶ ಹೆಚ್ಚು ಒದಗುತ್ತದೆ; ಅಲ್ಲಿ ಕನ್ನಡದ ಹೆಸರನ್ನೂ ಅದರ ಬೇರೆ ರೂಪಗಳನ್ನೂ ನಾವೇ ಸೇರಿಸಬಹುದು. ಎರಡರಲ್ಲೂ ಸಿಗದಿದ್ದರೆ ಎದೆಗುಂದಬೇಡಿ. ಬೆಂಗಳೂರಿನ ಶಾಲೆಯೊಂದರಲ್ಲಿ ಚಿತ್ರ ಕಲಿಸುತ್ತ ಜೀವ ಸವೆಸಿದ ಮೇಷ್ಟರ ಬಗ್ಗೆ ಜಗತ್ತಿನಲ್ಲಿ ಇರುವ ಒಂದೇ ದಾಖಲೆ ನಿಮ್ಮ ಸಾಲೇ ಆಗಿರಬಹುದು. ಅದನ್ನು ಎಷ್ಟು ಜತನದಿಂದ ಬರೆದರೂ ಕಡಿಮೆಯೇ.

ಮಾಡಿದವರು ಗೊತ್ತಿಲ್ಲದ ಕೃತಿಗಳ ಬಗ್ಗೆ ಕೇಳಿದ್ದೀರಿ. ಮೊದಲಿಗೆ, 'ಅಜ್ಞಾತ' ಬೇರೆ, 'ಇನ್ನೂ ನೋಡಿಲ್ಲ' ಬೇರೆ. ಹುಡುಕಿ ಸಿಗದಿದ್ದಾಗ ಮಾತ್ರ ಅಜ್ಞಾತ ಎನ್ನಿ. ಅದನ್ನೂ ಬರಿದಾಗಿ ಬರೆದರೆ ಮೈಸೂರು ಶೈಲಿಯ ಚಿನ್ನದ ಹಾಳೆಯ ಚಿತ್ರ, ತೊಗಲುಗೊಂಬೆ, ಮರದ ಕಂಬ ಎಲ್ಲವೂ ಒಬ್ಬನೇ ಅಜ್ಞಾತನ ಕೆಲಸವೆಂಬಂತೆ ಒಂದೆಡೆ ರಾಶಿ ಬೀಳುತ್ತವೆ. 'ಅಜ್ಞಾತ ಕಲಾವಿದ, ಮೈಸೂರು ಶೈಲಿ, 19ನೆಯ ಶತಮಾನ' ಎಂದು ಕಾಲ, ಶೈಲಿ ಸೇರಿಸಿ. ತೊಗಲುಗೊಂಬೆ, ಆಟಿಕೆ, ನೇಯ್ಗೆಯ ಬಟ್ಟೆಗಳ ನಮೂದಿನಲ್ಲಿ ಕೊಟ್ಟವರ ಹೆಸರು ಇನಿಷಿಯಲ್ ಸಮೇತ ಇದ್ದು, ಮಾಡಿದವರ ಹೆಸರಿನ ಸುದ್ದಿಯೇ ಇಲ್ಲದಿರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಅದು ಅಜ್ಞಾನವಲ್ಲ, ಕೇಳದೇ ಹೋದದ್ದು. ಅಂಥ ಕುಟುಂಬಗಳು ಇಂದಿಗೂ ಅದೇ ಊರಿನಲ್ಲಿದ್ದರೆ ಹೋಗಿ ಕೇಳಿ.

ನಮ್ಮ ನೆಲದಲ್ಲಿ ಹೆಸರು ಕೆತ್ತುವ ಪರಂಪರೆ ಬಹಳ ಹಳೆಯದು. ಹೊಯ್ಸಳ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮನ್ನು ಗುರುತಿಸಿಕೊಂಡಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿನ ಮೂರ್ತಿಗಳು ಹತ್ತಾರು. ಅವನು ಕೆಲವೆಡೆ ಪೂರ್ಣ ಹೆಸರು ಕೆತ್ತಿದ್ದಾನೆ, ಕೆಲವೆಡೆ 'ಮಲ್ಲಿ' ಎಂದಷ್ಟೇ, ಕೆಲವೆಡೆ ಬರೀ 'ಮ'. ಒಂದು ಮೂರ್ತಿಯ ಪೀಠದಲ್ಲಿ 'ಮ' ಎಂದಷ್ಟೇ ಇದ್ದರೆ ದಾಖಲೆ ಹೇಗಿರಬೇಕು? 'ಕೃತಿಯ ಮೇಲಿರುವುದು' ಎಂಬ ಖಾನೆಯಲ್ಲಿ 'ಮ' ಎಂದಷ್ಟೇ ಬರೆಯಬೇಕು. ವ್ಯಕ್ತಿಯ ಖಾನೆಯಲ್ಲಿ ಮಲ್ಲಿತಮ್ಮನ ಸಂಖ್ಯೆ. ಅವೆರಡರ ನಡುವೆ ಮೂರನೆಯ ಖಾನೆಯಲ್ಲಿ 'ಇವನದೆಂದು ಊಹೆ', ಅದರ ಪಕ್ಕ ಊಹಿಸಿದವರು ಯಾರು, ಯಾವ ಆಧಾರದಿಂದ ಎಂಬುದು. ಶಾಸನಗಳಲ್ಲಿ 'ಮ್ಮ' ಎಂಬುದನ್ನು 'ಂಮ' ಎಂದು ಬರೆಯುವ ರೂಢಿಯೂ ಇದ್ದುದರಿಂದ ಮಲ್ಲಿತಂಮ ಎಂಬ ರೂಪವನ್ನೂ ಇತರ ರೂಪಗಳಲ್ಲಿ ಸೇರಿಸಿಡಿ. ರೂವಾರಿ ಎಂಬುದು ಶಿಲ್ಪಿಯ ವೃತ್ತಿಸೂಚಕ, ಹೆಸರಿನ ಭಾಗವಲ್ಲ.

ಇದೇ ಮಧ್ಯದ ಖಾನೆ ರವಿವರ್ಮ ಮುದ್ರಣಗಳಿಗೂ ಬೇಕು, ಅಲ್ಲಿ ಇನ್ನೂ ಹೆಚ್ಚು ಬೇಕು. ನಮ್ಮ ಮನೆಗಳ ದೇವರಕೋಣೆಯಲ್ಲಿ ತೂಗಿದ ಲಕ್ಷ್ಮಿ, ಸರಸ್ವತಿಯರ ಚಿತ್ರಗಳನ್ನೆಲ್ಲ ರಿಜಿಸ್ಟರುಗಳು 'ರವಿವರ್ಮ' ಎಂದು ಒಂದೇ ಮಾತಿನಲ್ಲಿ ಮುಗಿಸಿರುತ್ತವೆ. ರವಿವರ್ಮ (1848–1906) 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಪ್ರೆಸ್ ಆರಂಭಿಸಿದ್ದು ನಿಜ. ಆ ಪ್ರೆಸ್ ಅವರ ಬದುಕಿನ ಕಾಲದಲ್ಲೇ ಜರ್ಮನಿಯ ತಂತ್ರಜ್ಞ ಫ್ರಿಟ್ಸ್ ಶ್ಲೈಷರ್ ಅವರ ಕೈಗೆ ಹೋಯಿತು, ರವಿವರ್ಮರು ತೀರಿಕೊಂಡ ಮೇಲೂ ಅದೇ ಹೆಸರಿನಲ್ಲಿ ಅಚ್ಚುಹಾಕುತ್ತಿತ್ತು. ಚಿತ್ರದ ಕೆಳಗೆ ಪ್ರೆಸ್ಸಿನ ಹೆಸರಿದೆ ಎಂದ ಮಾತ್ರಕ್ಕೆ ಅದರ ಮೂಲ ರವಿವರ್ಮರ ಕುಂಚದ್ದು ಎನ್ನಲಾಗದು. ಆದ್ದರಿಂದ ಪ್ರೆಸ್ಸಿಗೆ ವ್ಯಕ್ತಿಗಳ ಕಡತದಲ್ಲೇ ಸಂಸ್ಥೆಯಾಗಿ ಪ್ರತ್ಯೇಕ ಸಂಖ್ಯೆ ಕೊಡಿ. ಮುದ್ರಣ: ಪ್ರೆಸ್. ಮೂಲಚಿತ್ರ: ಖಚಿತವಿದ್ದರೆ ರವಿವರ್ಮ, ಇಲ್ಲದಿದ್ದರೆ ಗೊತ್ತುಪಡಿಸಿಲ್ಲ. 'ಇವರ ರಚನೆ', 'ಇವರದೆಂದು ಊಹೆ', 'ಇವರ ಕಾರ್ಯಾಗಾರ', 'ಇವರ ಶಿಷ್ಯರದು', 'ಇವರ ಶೈಲಿಯಲ್ಲಿ', 'ಇವರ ಮೂಲಚಿತ್ರದ ಪ್ರತಿ' ಎಂದು ಸಂಬಂಧಸೂಚಕ ಮಾತುಗಳ ಚಿಕ್ಕ ಪಟ್ಟಿ ಮಾಡಿ, ಅದರಿಂದ ಮಾತ್ರ ಆಯ್ದುಕೊಳ್ಳುವಂತೆ ಖಾನೆಯನ್ನು ಕಟ್ಟಿ. ಹೆಸರಿನ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುವ ಅಭ್ಯಾಸವನ್ನು ಇಂದೇ ನಿಲ್ಲಿಸಿ. ಅದರಿಂದ 'ರವಿವರ್ಮ' ಒಬ್ಬ, 'ರವಿವರ್ಮ?' ಇನ್ನೊಬ್ಬ ಹುಟ್ಟುತ್ತಾನೆ.

ತಂತ್ರಾಂಶ ಯಾವುದಿರಬೇಕು ಎಂದು ಹೆಚ್ಚು ಚಿಂತಿಸಬೇಡಿ. ಕೇಂದ್ರ ಸರ್ಕಾರದ ಕೆಲವು ವಸ್ತುಸಂಗ್ರಹಾಲಯಗಳಲ್ಲಿ ಸರ್ಕಾರದ್ದೇ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್ ರೂಪಿಸಿದ 'ಜತನ್' ಬಳಕೆಯಲ್ಲಿದೆ. ಉಚಿತವಾಗಿ ಸಿಗುವ ಕಲೆಕ್ಟಿವ್ಆ್ಯಕ್ಸೆಸ್‌ನಲ್ಲಿ ವ್ಯಕ್ತಿಗಳಿಗೆ ಪ್ರತ್ಯೇಕ ಕಡತವೂ ಒಬ್ಬರಿಗೆ ಹಲವು ಹೆಸರು ಕೊಡುವ ಸೌಕರ್ಯವೂ ಇವೆ. ಸದ್ಯಕ್ಕೆ ಎಕ್ಸೆಲ್‌ನಲ್ಲೇ ಎರಡು ಹಾಳೆ ಸಾಕು: ಒಂದು ವ್ಯಕ್ತಿಗಳದು, ಒಂದು ವಸ್ತುಗಳದು. ಯಾವುದನ್ನೇ ಕೊಳ್ಳುವ ಮುನ್ನ ಮಾರುವವರ ಎದುರಿಗೆ ಸೊನ್ನೆ ಹಾಕಿದ ವೆಂಕಟಪ್ಪನನ್ನೂ ಅನುಸ್ವಾರದ ವೆಂಕಟಪ್ಪನನ್ನೂ ಸೇರಿಸಿ, ಒಂದನ್ನು ಹುಡುಕಿ ಇನ್ನೊಂದು ಬರುತ್ತದೆಯೇ ನೋಡಿ.

ಕೆಲಸವನ್ನು ಅಕಾರಾದಿಯಿಂದ ಆರಂಭಿಸಬೇಡಿ. ನಿಮ್ಮಲ್ಲಿ ಅತಿ ಹೆಚ್ಚು ಕೃತಿಗಳಿರುವ ಕಲಾವಿದರಿಂದ ತೊಡಗಿ. ಮೊದಲ ಇಪ್ಪತ್ತು ಮೂವತ್ತು ಹೆಸರುಗಳು ಸರಿಹೋದರೆ ಹುಡುಕಾಟದ ಬಹುಭಾಗ ಸರಿಹೋದದ್ದು ನಿಮಗೇ ಕಾಣುತ್ತದೆ. ನಂತರ ಬದುಕಿರುವ ಕಲಾವಿದರನ್ನು ಎತ್ತಿಕೊಳ್ಳಿ, ಏಕೆಂದರೆ ಅವರನ್ನು ಇಂದು ಕೇಳಬಹುದು. ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯುತ್ತೀರಿ, ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತೀರಿ, ಮೊದಲು ಬೇರೆ ಹೆಸರಿನಲ್ಲಿ ಸಹಿ ಮಾಡುತ್ತಿದ್ದಿರೇ, ಮದುವೆಯ ನಂತರ ಹೆಸರು ಬದಲಾಯಿತೇ, ಯಾವುದನ್ನು ಗೋಡೆಯ ಮೇಲಿನ ಚೀಟಿಯಲ್ಲಿ ಕಾಣಲು ಬಯಸುತ್ತೀರಿ, ಇಷ್ಟನ್ನು ಕೇಳಿ, ಉತ್ತರವನ್ನು ಅವರ ಕೈಬರಹದಲ್ಲೇ ಪಡೆದು ಕಡತದಲ್ಲಿಡಿ. ಹುಟ್ಟಿದ ದಿನಾಂಕ, ವಿಳಾಸ, ಫೋನ್ ಸಂಖ್ಯೆ ಇವುಗಳನ್ನು ಒಳಗಿನ ದಾಖಲೆಯಲ್ಲಿ ಮಾತ್ರ ಇಟ್ಟುಕೊಳ್ಳಿ. ಸಾರ್ವಜನಿಕರಿಗೆ ತೆರೆದ ಪುಟದಲ್ಲಿ ಹುಟ್ಟಿದ ವರ್ಷವನ್ನು ಹಾಕುವುದಿದ್ದರೂ ಅವರ ಒಪ್ಪಿಗೆ ಕೇಳಿಯೇ ಹಾಕಿ.